ಸೊಂಟ ನೋವೆಂದು ಬಂದವರು

ಹೊಸದಾಗಿ ಕೆಲಸಕ್ಕೆ ಸೇರಿದ ಹುಡುಗಿಯೊಬ್ಬಳು ಈಚೆಗೆ ಮುಳಬಾಗಿಲಿನ ನಮ್ಮ ಮನೆಗೆ ಬಂದಿದ್ದಳು. ಶ್ರೀನಿವಾಸಪುರ ತಾಲ್ಲೂಕಿನ ಒಂದು ಆರೋಗ್ಯ ಉಪಕೇಂದ್ರಕ್ಕೆ ಅವಳ ನೇಮಕವಾಗಿದೆ. ಕಾಫಿ ಕುಡಿಯುತ್ತಾ ಕೈಯಲ್ಲಿದ್ದ ಟ್ಯಾಬ್ ತೆರೆದು, ಗರ್ಭಿಣಿಯರ ವಿವರ ತುಂಬುವ ಬಗೆಯನ್ನು ನನಗೇ ತೋರಿಸಿದಳು. ತೂಕ, ಬಿ.ಪಿ., ಹಿಮೋಗ್ಲೋಬಿನ್, ಮಗುವಿನ ಎದೆಬಡಿತ, ಎಲ್ಲಕ್ಕೂ ಒಂದೊಂದು ಮನೆ ಇತ್ತು.

"ಎಲ್ಲಾ ಸರಿ ಆಂಟಿ. ಆದ್ರೆ ಬರೋರೆಲ್ಲಾ ಸೊಂಟ ನೋವು, ಸೊಂಟ ನೋವು ಅಂತಾರೆ. ಅದನ್ನ ಎಲ್ಲಿ ತುಂಬ್ಲಿ?" ಎಂದಳು.

"ನೀನೇನು ಹೇಳ್ತೀಯ ಅವರಿಗೆ?"

"ಬಸುರೀಲಿ ಇದ್ದದ್ದೇ, ಹೆರಿಗೆ ಆದ್ಮೇಲೆ ಹೋಗುತ್ತೆ ಅಂತೀನಿ."

ಕೆಲಸಕ್ಕೆ ಸೇರಿದ ಹೊಸತರಲ್ಲಿ ನಾನೂ ಅದೇ ಮಾತನ್ನು ದಿನಕ್ಕೆ ಹತ್ತು ಸಲ ಹೇಳುತ್ತಿದ್ದೆ. ಹತ್ತರಲ್ಲಿ ಒಂಬತ್ತು ಸಲ ಅದು ನಿಜವೂ ಆಗಿರುತ್ತಿತ್ತು. ಉಳಿದ ಒಂದು ಸಲದ ಬಗ್ಗೆ ಅವಳಿಗೆ ಬಾಯಲ್ಲಿ ಹೇಳಲು ಹೋದೆ, ಅಷ್ಟರಲ್ಲಿ ಅವಳ ಬಸ್ಸಿನ ಹೊತ್ತಾಯಿತು. ಆದ್ದರಿಂದ ಬರೆಯುತ್ತಿದ್ದೇನೆ. ನನ್ನ ಬಡ್ತಿ, ವರ್ಗಾವಣೆಗಳೆಲ್ಲ ಸರ್ವಿಸ್ ಪುಸ್ತಕದಲ್ಲಿವೆ. ಇದು ಅದರಲ್ಲಿಲ್ಲದ ವಿಷಯ.

ನನ್ನ ಊರು ಮಂಡ್ಯದ ಕಡೆ. ತರಬೇತಿ ಮುಗಿಸಿ ಮೊದಲು ಬಂದದ್ದು ಯಲ್ದೂರಿನ ಹತ್ತಿರದ ಒಂದು ಉಪಕೇಂದ್ರಕ್ಕೆ. ಎರಡು ಕೋಣೆಯ ಹೆಂಚಿನ ಮನೆ, ಸುತ್ತ ಮಾವಿನ ತೋಪು. ಆಗ ಆಶಾ ಕಾರ್ಯಕರ್ತೆಯರು ಇರಲಿಲ್ಲ, ಆಂಬ್ಯುಲೆನ್ಸ್‌ಗೆ ಫೋನು ಮಾಡುವ ಮಾತೂ ಇರಲಿಲ್ಲ. ಒಂದು ಚೀಲ, ಅದರೊಳಗೆ ಮಗುವಿನ ಎದೆಬಡಿತ ಕೇಳುವ ಮರದ ಕೊಳವೆ, ಅಳತೆಯ ಟೇಪು, ಒಂದಿಷ್ಟು ಮಾತ್ರೆ. ಊರಿಂದೂರಿಗೆ ನಡೆದೇ ಹೋಗುತ್ತಿದ್ದೆ. ಜನ ಮನೆಯಲ್ಲಿ ತೆಲುಗು ಮಾತಾಡುತ್ತಿದ್ದರು, ನನ್ನೊಡನೆ ಕನ್ನಡ. ಆದರೆ ನೋವು ಬಂದಾಗ ಮಾತ್ರ ಬಾಯಿಗೆ ಬರುತ್ತಿದ್ದುದು ತೆಲುಗೇ. ನನಗೆ ಆ ಭಾಷೆಯ ಹತ್ತು ಪದವೂ ತಿಳಿದಿರಲಿಲ್ಲ. ತಿಳಿಯದಿದ್ದರೂ ನಡೆಯುತ್ತದೆ ಅಂದುಕೊಂಡಿದ್ದೆ.

ರತ್ನಮ್ಮ ಬಂದದ್ದು ಮಾವಿನ ಕಾಯಿ ಕೀಳುವ ಕಾಲದಲ್ಲಿ. ಇಪ್ಪತ್ತರ ಆಸುಪಾಸಿನ ಹೆಂಗಸು, ಚೊಚ್ಚಲು, ಏಳು ತಿಂಗಳು ತುಂಬಿತ್ತು. ಮನೆಯ ತೋಪಿನಲ್ಲಿ ಕಾಯಿ ಆರಿಸಿ ಕ್ರೇಟಿಗೆ ತುಂಬುವ ಕೆಲಸ ನಡೆಯುತ್ತಿತ್ತು. ಅದರ ನಡುವೆ ಒಂದು ಬೆಳಿಗ್ಗೆ ಅತ್ತೆಗೆ ಹೇಳಿ ಒಬ್ಬಳೇ ಬಂದಳು. ಬೆಂಚಿನ ಮೇಲೆ ಕೂರಲಿಲ್ಲ. ಗೋಡೆಗೆ ಎರಡೂ ಕೈ ಊರಿ ನಿಂತಳು.

"ಅಕ್ಕಾ, ನಡುಮು ನೊಪ್ಪಿ," ಎಂದಳು. ಇಷ್ಟು ಅರ್ಥವಾಯಿತು, ಸೊಂಟ ನೋವು. ಆಮೇಲೆ, "ವಚ್ಚಿ ವಚ್ಚಿ ಪೋತಾ ಉಂದಿ" ಎಂದಳು.

ಕಸ ಗುಡಿಸುತ್ತಿದ್ದ ಆಯಾಳನ್ನು ಅದೇನೆಂದು ಕೇಳಿದೆ. "ಬಂದು ಬಂದು ಹೋಗ್ತಾ ಐತಂತೆ ಸಿಸ್ಟ್ರೇ," ಎಂದಳು.

"ಬಂದು ಹೋಗೋ ನೋವು ತಾನೆ? ಬಿಡದೆ ಒಂದೇ ಸಮ ಇದ್ರೆ ಯೋಚನೆ ಮಾಡ್ಬೇಕು. ಬಗ್ಗಿ ಬಗ್ಗಿ ಕಾಯಿ ಆರಿಸಿದ್ದಕ್ಕೆ ಆಗಿರೋದು. ಎರಡು ದಿನ ರೆಸ್ಟ್ ತಗೋ," ಎಂದು ನೋವಿನ ಮಾತ್ರೆ ಕೊಟ್ಟೆ. ಹೊಟ್ಟೆ ಮುಟ್ಟಿ ನೋಡಲಿಲ್ಲ. ಹೊರಗೆ ಚುಚ್ಚುಮದ್ದಿಗೆ ಮಕ್ಕಳ ಸಾಲಿತ್ತು. ಅವಳು ತಲೆಯಾಡಿಸಿ ಹೋದಳು. ಬಾಗಿಲಲ್ಲಿ ಒಂದು ಕ್ಷಣ ನಿಂತು ಚೌಕಟ್ಟು ಹಿಡಿದು ಮುಂದಕ್ಕೆ ಬಾಗಿದ್ದು ನನ್ನ ಕಣ್ಣಿಗೆ ಬಿತ್ತು. ಬಿದ್ದರೂ ಅದು ಏನೆಂದು ನನಗೆ ಹೊಳೆಯಲಿಲ್ಲ.

ಈಗ ಕೆಲಸಕ್ಕೆ ಸೇರುತ್ತಿರುವವರು ಇಲ್ಲಿ ಸ್ವಲ್ಪ ನಿಲ್ಲಿ. ಒಂದೇ ಸಮ ಇರುವ, ಕೆಲಸ ಮಾಡಿದರೆ ಹೆಚ್ಚಾಗಿ ಮಲಗಿದರೆ ಕಡಿಮೆಯಾಗುವ ನೋವು ಬಹುಮಟ್ಟಿಗೆ ಭಾರದ್ದು. ಅಲೆಯಂತೆ ಬಂದು, ಏರಿ, ಇಳಿದು, ಮತ್ತೆ ಬರುವ ನೋವು ಹೆರಿಗೆಯದು. ಕೆಲವರಿಗೆ ಅದು ಹೊಟ್ಟೆಯಲ್ಲಿ ಒಂದಿಷ್ಟೂ ಕಾಣಿಸಿಕೊಳ್ಳದೆ ಸೊಂಟದಲ್ಲೇ ಕಾಣಿಸುತ್ತದೆ. ತರಬೇತಿಯಲ್ಲಿ ಇದನ್ನು ಓದಿ ನಾನು ಪರೀಕ್ಷೆ ಬರೆದಿದ್ದೆ, ಪಾಸೂ ಆಗಿದ್ದೆ. ರತ್ನಮ್ಮ ಅದನ್ನೇ ತನ್ನ ಮಾತಿನಲ್ಲಿ ಸರಿಯಾಗಿ ಹೇಳಿದ್ದಳು. ನಾನು ತಲೆಕೆಳಗು ಮಾಡಿಕೊಂಡೆ.

ಮಧ್ಯಾಹ್ನ ಅವಳ ಅತ್ತೆ ಅಕ್ಕಯ್ಯಮ್ಮ ಬರಿಗಾಲಲ್ಲಿ ಓಡಿ ಬಂದರು. ನಾನು ಚೀಲ ಹಿಡಿದು ತೋಪಿಗೆ ಓಡಿದೆ. ಕಾಯಿ ರಾಶಿ ಹಾಕುವ ಚಪ್ಪರದ ಕೆಳಗೆ, ಗೋಣಿಚೀಲಗಳ ಮೇಲೆ, ಹೆರಿಗೆ ಆಗಿಹೋಗಿತ್ತು. ಗಂಡು ಮಗು. ನನ್ನ ಅಂಗೈಯಿಂದ ಮೊಳಕೈವರೆಗೆ ಬರುವಷ್ಟು ಉದ್ದ. ಉಸಿರಾಡುತ್ತಿತ್ತು. ಪ್ರತಿ ಉಸಿರಿಗೂ ಎದೆಯ ಗೂಡು ಒಳಕ್ಕೆ ಸೆಳೆಯುತ್ತಿತ್ತು. ಹತ್ತಿಯಲ್ಲಿ ಸುತ್ತಿ ರತ್ನಮ್ಮನ ಎದೆಗೆ ಒತ್ತಿಟ್ಟೆ. ಕಾಯಿ ತುಂಬಿ ನಿಂತಿದ್ದ ಟೆಂಪೋದ ಮುಂದಿನ ಸೀಟಿನಲ್ಲಿ ಕೂತು ಶ್ರೀನಿವಾಸಪುರಕ್ಕೆ ಹೋದೆವು, ಅಲ್ಲಿಂದ ಕೋಲಾರಕ್ಕೆ. ಮಗು ಮರುದಿನ ಮಧ್ಯಾಹ್ನದವರೆಗೆ ಇತ್ತು.

ಬೆಳಿಗ್ಗೆಯೇ ಕಳಿಸಿದ್ದರೆ ಉಳಿಯುತ್ತಿತ್ತೇ? ಗೊತ್ತಿಲ್ಲ. ಆ ಕಾಲದಲ್ಲಿ ಉಳಿಯದೆಯೂ ಇರಬಹುದಿತ್ತು. ಈ ಮಾತನ್ನು ನನಗೆ ನಾನೇ ಹೇಳಿಕೊಳ್ಳುವುದನ್ನು ಬಿಟ್ಟು ಬಹಳ ವರ್ಷವಾಯಿತು.

ಆಸ್ಪತ್ರೆಯ ವರಾಂಡದಲ್ಲಿ ಅಕ್ಕಯ್ಯಮ್ಮನ ಎದುರು ನಿಂತು, "ಬೆಳಿಗ್ಗೆ ಬಂದಾಗ ನಾನು ನೋಡ್ಬೇಕಿತ್ತು ಅಮ್ಮ. ತಪ್ಪು ನನ್ನದು," ಎಂದೆ. ಆಕೆ ನನ್ನ ಮುಖ ನೋಡಿದರು. ಬೈಯಲಿಲ್ಲ, ಸಮಾಧಾನವನ್ನೂ ಹೇಳಲಿಲ್ಲ. ಸೆರಗಿನಲ್ಲಿ ಮುಖ ಒರೆಸಿಕೊಂಡು ಸೊಸೆಯ ಹತ್ತಿರ ಹೋದರು.

ನನ್ನ ಮೇಲಧಿಕಾರಿ ಲಕ್ಷ್ಮೀದೇವಮ್ಮ ಎಂಬ ಹಿರಿಯ ಆರೋಗ್ಯ ಸಹಾಯಕಿ. ಬಿಳಿ ಸೀರೆ, ದಪ್ಪ ಕನ್ನಡಕ, ಯಾರ ಹತ್ತಿರವೂ ಜಾಸ್ತಿ ಮಾತಿಲ್ಲ. ಮೆಮೊ ಬರುತ್ತದೆಂದು ಕಾಯುತ್ತಿದ್ದೆ. ಆಕೆ ಬಂದರು, ನನ್ನ ಮಾತನ್ನೆಲ್ಲ ಕೇಳಿಸಿಕೊಂಡರು, ಎದ್ದು ನಿಂತರು. "ಮೂರು ತಿಂಗಳು ಟೈಮ್ ಕೊಡ್ತೀನಿ, ತೆಲುಗು ಕಲಿ. ಆಗಲ್ಲ ಅಂದ್ರೆ ನಿಮ್ಮೂರ ಕಡೆ ಟ್ರಾನ್ಸ್‌ಫರ್ ಹಾಕಿಸ್ಕೊಂಡು ಹೋಗು."

"ಕಲೀತೀನಿ ಮೇಡಂ."

"ಅಲ್ಲೀವರೆಗೂ ಮಾತು ಅರ್ಥ ಆಗ್ದಿದ್ರೆ ಕೈ ಇಡು. ಕೈಗೆ ಯಾವ ಭಾಷೆನೂ ಬೇಡ."

ಅವತ್ತೇ ನನ್ನನ್ನು ಹೆರಿಗೆ ನೋವು ಶುರುವಾಗಿದ್ದ ಒಬ್ಬರ ಮನೆಗೆ ಕರೆದುಕೊಂಡು ಹೋದರು. ನನ್ನ ಅಂಗೈಯನ್ನು ಆ ತಾಯಿಯ ಹೊಟ್ಟೆಯ ಮೇಲೆ ಇಟ್ಟು, ಅದರ ಮೇಲೆ ತಮ್ಮ ಕೈ ಇಟ್ಟರು. "ಒತ್ಬೇಡ. ಸುಮ್ನೆ ಇಡು," ಎಂದರು. ಐದು ನಿಮಿಷ ಏನೂ ಇಲ್ಲ. ಆಮೇಲೆ ಅಂಗೈ ಕೆಳಗೆ ಏನೋ ಎದ್ದಂತಾಯಿತು. ಮೆತ್ತಗಿದ್ದದ್ದು ನಿಧಾನವಾಗಿ ಬಿಗಿಯುತ್ತಾ, ಹಣೆ ಮುಟ್ಟಿದಷ್ಟು ಗಟ್ಟಿಯಾಗಿ, ಹಾಗೇ ನಿಂತು, ಮತ್ತೆ ಸಡಿಲವಾಯಿತು. ಆ ತಾಯಿ ಸೊಂಟ ಹಿಡಿದುಕೊಂಡು ಉಸಿರು ಬಿಟ್ಟಳು. ಯಾರೂ ಹೇಳಿಕೊಡದೆ, ಯಾರ ಅಪ್ಪಣೆಗೂ ಕಾಯದೆ, ದೇಹ ತನ್ನ ಪಾಡಿಗೆ ತಾನು ಅಷ್ಟು ದೊಡ್ಡ ಕೆಲಸ ಮಾಡುತ್ತಿತ್ತು. ನನಗೆ ಮೈ ಜುಮ್ಮೆಂದಿತು. ತರಬೇತಿಯಲ್ಲಿ ಎಷ್ಟೋ ಹೆರಿಗೆ ನೋಡಿದ್ದೆ. ಕೈಯಿಟ್ಟು ಕಾದದ್ದು ಅದೇ ಮೊದಲು.

ಒಂದೂವರೆ ವರ್ಷದ ನಂತರ ರತ್ನಮ್ಮ ನನ್ನ ಬಾಗಿಲಿಗೆ ಬಂದಳು. ಮತ್ತೆ ಬಸುರಿ, ಮೂರು ತಿಂಗಳು. ಅವಳನ್ನು ಕಂಡು ನಾನು ಕುರ್ಚಿಯಿಂದ ಎದ್ದುಬಿಟ್ಟೆ. ಆ ಹೊತ್ತಿಗೆ ತೆಲುಗು ಸಾಕಷ್ಟು ಬರುತ್ತಿತ್ತು. ಆದರೂ ಅವಳೇ ಕನ್ನಡದಲ್ಲಿ ಮಾತಾಡಿದಳು.

"ಕಾರ್ಡ್ ಮಾಡ್ಕೊಡಕ್ಕಾ."

"ರತ್ನಮ್ಮ, ನೀನು ಕೋಲಾರಕ್ಕೇ ಹೋಗಿ ತೋರಿಸ್ಬಹುದಿತ್ತು. ಇಲ್ಲಾಂದ್ರೆ ಪಕ್ಕದ ಊರಿನ ಸಿಸ್ಟರ್ ಇದಾರೆ. ನನ್ ಹತ್ರಾನೇ ಯಾಕೆ ಬಂದೆ?"

"ಬೇರೆಯೋರ ಹತ್ರ ಹೋದ್ರೆ ಮೊದಲಿಂದ ಎಲ್ಲಾ ಹೇಳ್ಬೇಕು. ಹೇಳಿದ್ರೂ ಅವರು ಮರ್ತೋಗ್ತಾರೆ. ನೀನು ಮರೆಯಲ್ಲ."

ಅಷ್ಟು ಹೇಳಿ ಬೆಂಚಿನ ಮೇಲೆ ಕೂತು ಸೆರಗು ಸರಿಮಾಡಿಕೊಂಡಳು. ಕಾರ್ಡಿನಲ್ಲಿ ಅವಳ ಹೆಸರು ಬರೆದೆ. ತನ್ನ ಮಗುವನ್ನು ಉಳಿಸದವಳ ಕೈಗೆ ಇನ್ನೊಂದು ಮಗುವನ್ನು ಒಪ್ಪಿಸುವುದಕ್ಕೆ ಎಷ್ಟು ಗಟ್ಟಿ ಮನಸ್ಸು ಬೇಕು! ನನ್ನ ಕೆಲಸದ ಮೇಲೆ ನನಗೆ ಭಯಭಕ್ತಿ ಹುಟ್ಟಿದ್ದು ಅವತ್ತು.

ಆರು ತಿಂಗಳಾದಾಗ ಸೊಂಟ ನೋವು ಎಂದಳು. ಅವಳನ್ನು ಎಡಮಗ್ಗುಲಿಗೆ ಮಲಗಿಸಿ, ಹೊಟ್ಟೆಯ ಮೇಲೆ ಕೈಯಿಟ್ಟು, ಎದುರಿಗೆ ಗಡಿಯಾರ ಇಟ್ಟುಕೊಂಡು ಒಂದು ಗಂಟೆ ಕೂತೆ. ಹೊರಗೆ ಕಾಯುತ್ತಿದ್ದವರು ಕಾದರು. ಹೊಟ್ಟೆ ಒಂದು ಸಲವೂ ಬಿಗಿಯಲಿಲ್ಲ. ಒಳಗಿದ್ದ ಮಗು ಮಾತ್ರ ನನ್ನ ಅಂಗೈಗೆ ಎರಡು ಸಲ ಒದೆಯಿತು.

"ಉಟ್ಟಿ ನಡುಮು ನೊಪ್ಪೇ," ಬರೀ ಸೊಂಟ ನೋವು ಕಣೇ, ಎಂದೆ. ಅವಳು ನಕ್ಕಳು. ನಗುತ್ತಲೇ ಅವಳ ಕಣ್ಣಲ್ಲಿ ನೀರು ಬಂತು. ನನಗೂ ಬಂತು.

ಎಂಟನೇ ತಿಂಗಳಲ್ಲಿ ಒಂದು ಬೆಳಿಗ್ಗೆ ಮತ್ತೆ ಬಂದಳು. ಈ ಸಲ ಏನೂ ಹೇಳದೆ ಗೋಡೆಗೆ ಕೈ ಊರಿದಳು. ಕೈಯಿಟ್ಟೆ. ಹತ್ತು ನಿಮಿಷಕ್ಕೊಮ್ಮೆ ಬಿಗಿಯುತ್ತಿತ್ತು. ಉಪಕೇಂದ್ರಕ್ಕೆ ಬೀಗ ಹಾಕಿ ಮೊದಲ ಬಸ್ಸಿನಲ್ಲೇ ಕೋಲಾರಕ್ಕೆ ಕರೆದುಕೊಂಡು ಹೋದೆ. ದಾರಿಯುದ್ದಕ್ಕೂ ನನ್ನ ಕೈ ಅವಳ ಹೊಟ್ಟೆಯ ಮೇಲೆ, ಕಣ್ಣು ಗಡಿಯಾರದ ಮೇಲೆ. ಆಸ್ಪತ್ರೆಯಲ್ಲಿ ನೋವು ತಡೆಯಲು ಔಷಧ ಕೊಟ್ಟರು, ಮಗುವಿನ ಶ್ವಾಸಕೋಶ ಬಲವಾಗಲೆಂದು ಇಂಜೆಕ್ಷನ್ ಹಾಕಿದರು. ನೋವು ನಿಂತಿತು. ಮೂರು ವಾರ ಅಲ್ಲೇ ಇಟ್ಟುಕೊಂಡರು. ಆಮೇಲೆ ಹೆಣ್ಣು ಮಗು ಹುಟ್ಟಿತು, ವಾರ್ಡೆಲ್ಲ ಕೇಳುವ ಹಾಗೆ ಅತ್ತಿತು. ಅಕ್ಕಯ್ಯಮ್ಮ ಮಗುವನ್ನು ಮೊದಲು ನನ್ನ ತೊಡೆಯ ಮೇಲಿಟ್ಟರು.

ಅಲ್ಲಿಂದ ನನಗೆ ಮಾಲೂರು ತಾಲ್ಲೂಕಿಗೆ ವರ್ಗವಾಯಿತು. ಶಿವಾರಪಟ್ಟಣ ನನ್ನ ಪಾಲಿಗೆ ಬಂದ ಹಳ್ಳಿಗಳಲ್ಲಿ ಒಂದು. ಬೆಳಗಿನಿಂದ ಸಂಜೆವರೆಗೆ ಕಲ್ಲಿನ ಮೇಲೆ ಉಳಿಯ ಸದ್ದು, ರಸ್ತೆಯ ಎರಡು ಕಡೆಯೂ ಅರ್ಧ ಮೂಡಿದ ದೇವರುಗಳು. ಅಲ್ಲಿ ವೀರಭದ್ರಾಚಾರ್ ಎಂಬ ಹಿರಿಯ ಶಿಲ್ಪಿಯ ಸೊಸೆ ಗಾಯತ್ರಿ ಆರು ತಿಂಗಳ ಬಸುರಿ. ಮುಗಿದ ವಿಗ್ರಹಗಳನ್ನು ಉಜ್ಜಿ ನುಣುಪು ಮಾಡುವ ಕೆಲಸ ಅವಳದು. ನೆಲದ ಮೇಲೆ ಕೂತು, ಮುಂದಕ್ಕೆ ಬಾಗಿ, ನೀರು ಹಾಕಿ ಉಜ್ಜಬೇಕು. ಸೊಂಟ ನೋವೆಂದು ಹೇಳಿಕಳಿಸಿದ್ದಳು.

ಕೈಯಿಟ್ಟು ನೋಡಿದೆ, ಹೊಟ್ಟೆ ಬಿಗಿಯುತ್ತಿರಲಿಲ್ಲ. ಜ್ವರವಿಲ್ಲ, ಮೂತ್ರ ಮಾಡುವಾಗ ಉರಿಯಿಲ್ಲ. ಭಾರದ ನೋವೇ. "ಕೆಲಸ ಕಡಿಮೆ ಮಾಡು," ಎಂದೆ. ಪಕ್ಕದಲ್ಲಿ ಉಳಿ ಹಿಡಿದು ಕೂತಿದ್ದ ಆಚಾರ್ರು ತಲೆ ಎತ್ತಿದರು.

"ಸಿಸ್ಟ್ರಮ್ಮ, ಒಂದು ಮಾತು ಕೇಳ್ತೀನಿ. ಕಲ್ಲಲ್ಲಿ ಹೊಟ್ಟೆ ಮುಂದಕ್ಕೆ ಬಿಟ್ರೆ ವಿಗ್ರಹ ಮುಂದಕ್ಕೆ ಬೀಳುತ್ತೆ. ಹಿಂದುಗಡೆ ಕಲ್ಲು ಬಿಟ್ಟು ನಿಲ್ಲಿಸ್ಬೇಕು. ಈ ಹುಡುಗಿ ಯಾಕೆ ಬೀಳಲ್ಲ?"

ಆಚಾರ್ರು ಎದ್ದು, ಗೂಟಕ್ಕೆ ಸುತ್ತಿಟ್ಟಿದ್ದ ತೂಗುಗುಂಡನ್ನು ತಂದರು. ವಿಗ್ರಹ ನೆಟ್ಟಗಿದೆಯೇ ನೋಡಲು ಬಳಸುವ, ತುದಿಗೆ ಕಬ್ಬಿಣದ ಗುಂಡು ಕಟ್ಟಿದ ದಾರ ಅದು. "ಹೀಗೆ ಪಕ್ಕಕ್ಕೆ ತಿರುಗಿ ನಿಂತ್ಕೊಳಮ್ಮ," ಎಂದು ಸೊಸೆಗೆ ಹೇಳಿ, ದಾರವನ್ನು ನನ್ನ ಕೈಗೆ ಕೊಟ್ಟು ಅವಳ ಕಿವಿಯ ನೇರಕ್ಕೆ ಹಿಡಿಯಲು ಹೇಳಿದರು. ತಾವು ದೂರ ನಿಂತರು. ಗುಂಡು ಅಲ್ಲಾಡಿ ನಿಂತಿತು. ದಾರ ಅವಳ ಕಿವಿ, ಭುಜ, ಸೊಂಟದ ಕೀಲುಗಳನ್ನು ಹಾದು ಪಾದದ ಹತ್ತಿರ ಇಳಿದಿತ್ತು. ಹೊಟ್ಟೆ ದಾರದ ಮುಂದೆ ಎಷ್ಟು ಬಂದಿತ್ತೋ, ಬೆನ್ನಿನ ಕೆಳಭಾಗ ಅದಕ್ಕೆ ತಕ್ಕಂತೆ ಒಳಕ್ಕೆ ಬಾಗಿ, ಎದೆ ಹಿಂದಕ್ಕೆ ಸರಿದಿತ್ತು.

"ನೋಡಿ ತಾಯಿ," ಎಂದರು ಆಚಾರ್ರು. ದನಿ ತಗ್ಗಿತ್ತು. "ಹೋದ ತಿಂಗಳು ಹೀಗಿರ್ಲಿಲ್ಲ. ಮಗು ಎಳ್ಳಷ್ಟು ಬೆಳೆದ್ರೆ ಬೆನ್ನು ಎಳ್ಳಷ್ಟು ಬಾಗುತ್ತೆ. ನಾನು ಒಂದು ಬಳುಕು ತರೋಕೆ ವಾರ ಒದ್ದಾಡ್ತೀನಿ. ಇವಳು ನಿದ್ದೆ ಮಾಡ್ತಾನೇ ಮಾಡ್ಕೊಂಡಿದಾಳೆ."

ಗಾಯತ್ರಿ ನಾಚಿಕೊಂಡು, "ನೋವಂತೂ ನಂಗೇ ಮಾವ," ಎಂದಳು.

"ಹೂಂನಮ್ಮ, ಆ ಬಳುಕು ಹಿಡಿದಿರೋದೇ ನೋವು. ಅದು ನಂಗೂ ಗೊತ್ತಾಗುತ್ತೆ," ಎಂದರು ಅವರು.

ನಾನು ಮರುವಾರ ಹೋಗುವ ಹೊತ್ತಿಗೆ ಆಚಾರ್ರು ಸೊಸೆಯ ಕೆಲಸದ ಜಾಗವನ್ನೇ ಬದಲಾಯಿಸಿದ್ದರು. ಎರಡು ಕಲ್ಲು ಕಂಬದ ಮೇಲೆ ಚಪ್ಪಡಿ ಇಟ್ಟು, ವಿಗ್ರಹ ಅವಳ ಮೊಳಕೈ ಎತ್ತರಕ್ಕೆ ಬರುವಂತೆ ಮಾಡಿದ್ದರು. ಕೆಳಗೆ ಗೇಣುದ್ದದ ಒಂದು ಕಲ್ಲು. "ನಮ್ಮ ಶಿಲ್ಪಗಳಲ್ಲಿ ಒಂದು ಕಾಲು ಸಡಿಲ ಬಿಟ್ಟು ನಿಂತಿರ್ತಾರೆ ನೋಡು, ಹಾಗೆ. ಒಂದು ಪಾದ ಅದರ ಮೇಲಿಡು, ಸ್ವಲ್ಪ ಹೊತ್ತಾದ್ಮೇಲೆ ಇನ್ನೊಂದು," ಎಂದು ಹೇಳಿಕೊಟ್ಟಿದ್ದರು. ನೋವು ಪೂರ್ತಿ ಹೋಗಲಿಲ್ಲ. ಆದರೆ ಅವಳು ರಾತ್ರಿ ನಿದ್ದೆ ಮಾಡುವಂತಾಯಿತು. ಮಂಡಿಗಳ ನಡುವೆ ದಿಂಬು ಇಟ್ಟು ಮಗ್ಗುಲಾಗಿ ಮಲಗುವುದನ್ನು ನಾನು ಸೇರಿಸಿದೆ. ಭಾರ ಎತ್ತುವಾಗ ಸೊಂಟ ಬಗ್ಗಿಸದೆ ಮಂಡಿ ಮಡಿಸಿ ಕೂತು ಎತ್ತುವುದನ್ನೂ ಹೇಳಿಕೊಟ್ಟೆ.

ಆ ತೂಗುಗುಂಡಿನಂಥದ್ದೇ ಒಂದನ್ನು ಕೇಳಿ ಪಡೆದು ನನ್ನ ಚೀಲದಲ್ಲಿ ಇಟ್ಟುಕೊಂಡೆ. ತಾಯಂದಿರ ಸಭೆಗಳಲ್ಲಿ ಒಬ್ಬೊಬ್ಬರನ್ನೇ ನಿಲ್ಲಿಸಿ ದಾರ ಹಿಡಿದು ತೋರಿಸುತ್ತಿದ್ದೆ. ಕಾಯಿಲೆ ಎಂದು ಮುಖ ಸಪ್ಪಗೆ ಮಾಡಿಕೊಂಡು ಬಂದವರು, ತಮ್ಮ ಬೆನ್ನು ಮಾಡುತ್ತಿರುವ ಕೆಲಸ ನೋಡಿ ಒಬ್ಬರ ಮುಖ ಒಬ್ಬರು ನೋಡಿಕೊಳ್ಳುತ್ತಿದ್ದರು. ನೋವಿಗೆ ಕಾರಣ ತಿಳಿದರೆ ಅರ್ಧ ಹೆದರಿಕೆ ಕಡಿಮೆಯಾಗುತ್ತದೆ. ಉಳಿದರ್ಧಕ್ಕೆ ದಿಂಬು, ಕಲ್ಲು, ಮನೆಯವರ ಕೈ ನೆರವು ಬೇಕು.

ವರ್ಷಗಳು ಹೋದವು. ಮರದ ಕೊಳವೆ ಹೋಗಿ ಎದೆಬಡಿತವನ್ನು ಜೋರಾಗಿ ಕೇಳಿಸುವ ಡಾಪ್ಲರ್ ಬಂತು, ನಡಿಗೆ ಹೋಗಿ ಸ್ಕೂಟಿ ಬಂತು, ರಿಜಿಸ್ಟರ್ ಹೋಗಿ ಟ್ಯಾಬ್ ಬಂತು. ನಿವೃತ್ತಿಗೆ ಎರಡು ವರ್ಷ ಇರುವಾಗ ನಾನು ಮುಳಬಾಗಿಲು ತಾಲ್ಲೂಕಿನ ದೇವರಾಯಸಮುದ್ರದ ಕಡೆ ಇದ್ದೆ. ಮಂಜುಳಾ ಅಲ್ಲಿಯ ಹೆಣ್ಣುಮಗಳು. ಗಂಡ ನಾಗರಾಜ. ಹಿಪ್ಪುನೇರಳೆ ತೋಟ, ರೇಷ್ಮೆ ಹುಳು ಸಾಕುವ ಮನೆ. ಅವಳಿಗೆ ಆರು ತಿಂಗಳು ಮುಗಿಯುತ್ತಿತ್ತು.

"ಬೆನ್ನು ನೋವಕ್ಕಾ," ಎಂದಳು.

"ಸೊಪ್ಪು ಹಾಕೋಕೆ ಬಗ್ಗಿದಾಗ ಜಾಸ್ತಿನಾ?"

"ಬಗ್ಗಿದ್ರೂ ಅಷ್ಟೇ, ಮಲಗಿದ್ರೂ ಅಷ್ಟೇ. ಇಲ್ಲೇ, ಒಂದೇ ಕಡೆ."

ಮಲಗಿದರೂ ಕಡಿಮೆಯಾಗದ ನೋವು. ನಾನು ಪೆನ್ನು ಕೆಳಗಿಟ್ಟೆ. ತೂಕ ನೋಡಿದೆ, ಎರಡು ತಿಂಗಳಿಂದ ಏರಿಲ್ಲ. ಸಂಜೆ ಮೈ ಬೆಚ್ಚಗಾಗುತ್ತದೆ ಎಂದಳು. ಅವಳನ್ನು ಕೂರಿಸಿ, ಕತ್ತಿನಿಂದ ಕೆಳಕ್ಕೆ ಬೆನ್ನಿನ ಒಂದೊಂದೇ ಮೂಳೆಯನ್ನು ಹೆಬ್ಬೆರಳಿನಿಂದ ಒತ್ತುತ್ತಾ ಬಂದೆ. ಸೊಂಟಕ್ಕಿಂತ ಒಂದು ಗೇಣು ಮೇಲೆ, ಒಂದು ಮೂಳೆಯ ಮೇಲೆ ಬೆರಳಿಟ್ಟದ್ದೇ ತಡ, ಅವಳು "ಅಮ್ಮಾ" ಎಂದು ಮುಂದಕ್ಕೆ ಹಾರಿದಳು.

"ನಡೆಯೋದು ಸರಿಯಾಗಿದೆಯಾ?"

"ನಡೀತೀನಿ. ಆದ್ರೆ ಒಂದು ವಾರದಿಂದ ಎಡಗಾಲಿಂದ ಚಪ್ಪಲಿ ಜಾರಿಹೋಗುತ್ತೆ ಅಕ್ಕ. ನಾಲ್ಕು ಹೆಜ್ಜೆ ಆದ್ಮೇಲೆ ನೋಡ್ಕೊಂಡ್ರೆ ಕಾಲಲ್ಲಿ ಚಪ್ಪಲಿ ಇರಲ್ಲ."

ಬೆನ್ನಿನಿಂದ ಕಾಲಿಗೆ ಇಳಿಯುವ ನರಕ್ಕೆ ಏನೋ ಆಗುತ್ತಿದೆ ಎಂದು ಹೊಳೆಯಿತು. ಅಂದೇ ಆರೋಗ್ಯ ಕೇಂದ್ರದ ವೈದ್ಯರ ಹತ್ತಿರ ಕರೆದುಕೊಂಡು ಹೋದೆ. ಹೊಸದಾಗಿ ಬಂದ ತರುಣ, ಒಳ್ಳೆಯವರು, ಆದರೆ ಹೊರಗೆ ನೂರು ಜನ ಕಾಯುತ್ತಿದ್ದರು.

"ಸಿಸ್ಟರ್, ಗರ್ಭಿಣಿಗೆ ಬೆನ್ನು ನೋವು ಅಂತ ಕೋಲಾರಕ್ಕೆ ಬರೆದ್ರೆ ಅಲ್ಲಿ ನಗ್ತಾರೆ. ಕ್ಯಾಲ್ಸಿಯಂ ಕೊಡಿ," ಎಂದರು.

ಹಿಂದೆ ಇಂಥ ಮಾತಿಗೆ ನಾನು ತಲೆ ತಗ್ಗಿಸಿ ಬರುತ್ತಿದ್ದೆ. ಅವತ್ತು ಬಾಗಿಲಲ್ಲೇ ನಿಂತೆ. "ಸರ್, ಬರೀಬೇಡಿ. ಎದ್ದು ಬಂದು ಅವಳು ಹತ್ತು ಹೆಜ್ಜೆ ನಡೆಯೋದನ್ನ ನೋಡಿ, ಅಷ್ಟು ಸಾಕು."

ಅವರಿಗೆ ಕೋಪ ಬಂತು. ಆದರೂ ಎದ್ದು ಬಂದರು. ಮಂಜುಳಾ ವರಾಂಡದಲ್ಲಿ ನಡೆದಳು. ಆರನೇ ಹೆಜ್ಜೆಗೆ ಎಡಗಾಲಿನ ಚಪ್ಪಲಿ ಹಿಂದೆ ಉಳಿಯಿತು. ಅವಳಿಗೆ ತಿಳಿಯಲೇ ಇಲ್ಲ, ಮುಂದೆ ಹೋದಳು. ವೈದ್ಯರು ಚಪ್ಪಲಿಯನ್ನು ನೋಡಿದರು, ಅವಳನ್ನು ನೋಡಿದರು. ಮೊಣಕಾಲೂರಿ ಕೂತು ತಾವೇ ಅವಳ ಪಾದಗಳನ್ನು ಪರೀಕ್ಷಿಸಿದರು. ಆಮೇಲೆ ನನ್ನ ಕಡೆ ತಿರುಗಿ, "ಇವತ್ತೇ ಹೋಗ್ಬೇಕು. ನಾನೇ ಫೋನ್ ಮಾಡ್ತೀನಿ," ಎಂದರು. ಅವರ ಮೇಲೆ ನನಗೆ ಆಗ ಬಂದ ಗೌರವ ಇಂದಿಗೂ ಇದೆ.

ಕೋಲಾರದಲ್ಲಿ ಎಂ.ಆರ್.ಐ. ಆಯಿತು. ನಾಗರಾಜನ ಜತೆ ನಾನೂ ಇದ್ದೆ. ಅಲ್ಲಿಯ ವೈದ್ಯೆ ಕಂಪ್ಯೂಟರಿನ ಮೇಲೆ ಚಿತ್ರ ತೋರಿಸುತ್ತಾ, "ಇದು ತಾಯಿಯ ಬೆನ್ನೆಲುಬು. ಇಲ್ಲಿ ಎರಡು ಮೂಳೆ ಕ್ಷಯದಿಂದ ಸವೆದಿವೆ, ಕೀವು ನರಗಳನ್ನ ಒತ್ತುತ್ತಿದೆ," ಎಂದರು. ಬೆನ್ನಿನ ಟಿ.ಬಿ. ಅದು. ನಾಗರಾಜ ಕುರ್ಚಿ ಹಿಡಿದುಕೊಂಡ. ಆಕೆ ಬೆರಳನ್ನು ಚಿತ್ರದ ಮೇಲೆ ಸ್ವಲ್ಪ ಮುಂದಕ್ಕೆ ಸರಿಸಿ, "ಇದು ಮಗು," ಎಂದರು.

ತಾಯಿಯ ಬೆನ್ನೆಲುಬಿನ ಎದುರಿಗೇ, ತಲೆಕೆಳಗಾಗಿ ಮಡಿಸಿಕೊಂಡು ಮಲಗಿದ್ದ ಮಗುವಿನ ಬೆನ್ನೆಲುಬು ಕಾಣುತ್ತಿತ್ತು. ಪೋಣಿಸಿದ ಮಣಿಗಳ ಹಾಗೆ, ಒಂದರ ಪಕ್ಕ ಒಂದು, ಒಂದೂ ತಪ್ಪದೆ. ಒಂದೇ ಚಿತ್ರದಲ್ಲಿ ಎರಡು ಬೆನ್ನು. ಸವೆಯುತ್ತಿದ್ದ ಒಂದಕ್ಕೆ ಆತುಕೊಂಡು ಇನ್ನೊಂದು ಕಟ್ಟಿಕೊಳ್ಳುತ್ತಿತ್ತು. ಅಷ್ಟು ವರ್ಷ ಸಾವಿರಾರು ಹೊಟ್ಟೆಗಳ ಮೇಲೆ ಕೈಯಿಟ್ಟಿದ್ದೆ. ಒಳಗೆ ಏನು ನಡೆಯುತ್ತದೆಂದು ಅವತ್ತು ಕಣ್ಣಾರೆ ಕಂಡೆ. ನನಗರಿವಿಲ್ಲದೆ ಕೈ ಮುಗಿದಿದ್ದೆ. ಆ ವೈದ್ಯೆ ನಗಲಿಲ್ಲ.

ಬೆಂಗಳೂರಿನ ಆಸ್ಪತ್ರೆಯಲ್ಲಿ ಸೂಜಿಯಿಂದ ಕೀವು ತೆಗೆದು ಪರೀಕ್ಷಿಸಿ ಖಚಿತಪಡಿಸಿದರು. ಬಸುರಿಗೆ ಕೊಡಬಹುದಾದ ಟಿ.ಬಿ. ಮಾತ್ರೆಗಳು ಶುರುವಾದವು. ಊರಿಗೆ ಬಂದ ಮೇಲೆ ಮಾತ್ರೆ ನುಂಗಿಸುವ ಹೊಣೆ ನನ್ನದು. ಹೆರಿಗೆವರೆಗೂ ಹಲಗೆಯ ಮಂಚದ ಮೇಲೆ ಮಲಗಿರಬೇಕು, ಏಳಬಾರದು. ದಿನಾ ಬೆಳಿಗ್ಗೆ ಹೋಗುತ್ತಿದ್ದೆ.

"ಅಕ್ಕ, ಉಚ್ಚೆ ಕಿತ್ತಳೆ ಬಣ್ಣ ಬರ್ತೈತೆ," ಎಂದು ಎರಡನೇ ದಿನವೇ ಹೆದರಿದಳು.

"ಮಾತ್ರೆ ಕೆಲಸ ಮಾಡ್ತಿದೆ ಅಂತ ಕಣೇ. ಬಣ್ಣ ಬರದಿದ್ರೆ ನೀನು ಮಾತ್ರೆ ಉಗಿದಿದೀಯ ಅಂತ ನಂಗೆ ಗೊತ್ತಾಗ್ತಿತ್ತು."

ಮೊದಲ ವಾರ ನಕ್ಕಳು. ಮೂರನೆಯ ವಾರ ಗೋಡೆಗೆ ತಿರುಗಿ ಮಲಗಿದಳು. "ನನ್ ಕಾಲು ಹೋದ್ರೆ ಹೋಗ್ಲಿ. ಈ ಮಾತ್ರೆಯಿಂದ ಮಗೂಗೆ ಏನಾದ್ರೂ ಆದ್ರೆ?" ಎಂದಳು. ಏನೂ ಆಗುವುದಿಲ್ಲ ಎಂದು ಭಾಷೆ ಕೊಡುವ ಅಧಿಕಾರ ನನಗಿರಲಿಲ್ಲ. ವೈದ್ಯರು ಹೇಳಿದ್ದನ್ನೇ ಹೇಳಿ, ಡಾಪ್ಲರ್ ಅವಳ ಹೊಟ್ಟೆಯ ಮೇಲಿಟ್ಟು ದನಿ ಜೋರು ಮಾಡಿದೆ. ಓಡುವ ಕುದುರೆಯ ಗೊರಸಿನಂತೆ ಎದೆಬಡಿತ ಕೋಣೆ ತುಂಬಿತು. ನಾಗರಾಜ ಬಾಗಿಲಲ್ಲಿ ನಿಂತು ಕೇಳಿದ. ಅವಳು ಈ ಕಡೆ ತಿರುಗಿ ಕೈ ಚಾಚಿದಳು, ಮಾತ್ರೆಗೆ. ಅದಾದ ಮೇಲೆ ದಿನಾ ಮೊದಲು ಎದೆಬಡಿತ, ಆಮೇಲೆ ಮಾತ್ರೆ. ಎರಡು ತಿಂಗಳಲ್ಲಿ ಎಡಗಾಲಿನ ಬೆರಳುಗಳು ಅವಳ ಮಾತು ಕೇಳತೊಡಗಿದವು. ಹೆಬ್ಬೆರಳು ಮೇಲಕ್ಕೆ ಎತ್ತಿ ತೋರಿಸಿದ ದಿನ ನಾವು ಮೂವರೂ ಅದನ್ನೇ ಮತ್ತೆ ಮತ್ತೆ ನೋಡಿದೆವು.

ದಿನ ತುಂಬಿದ ಮೇಲೆ ಆಪರೇಷನ್ ಮಾಡಿ ಹೆರಿಗೆ ಮಾಡಿದರು. ಗಂಡು ಮಗು, ಕಾಯಿಲೆಯಿಲ್ಲ, ಕೊರತೆಯಿಲ್ಲ. ಆದರೆ ಮಂಜುಳಾಗೆ ಬೆನ್ನಿಗೆ ಬಿಗಿಯಾದ ಬೆಲ್ಟು, ಮಾತ್ರೆ ಮುಂದುವರಿಯಬೇಕು, ಭಾರ ಎತ್ತಲೇಬಾರದು. ಮಗುವನ್ನು ಅವಳ ಪಕ್ಕ ಮಲಗಿಸುತ್ತಿದ್ದರು, ಮಲಗಿಕೊಂಡೇ ಹಾಲು ಕೊಡುತ್ತಿದ್ದಳು. ಅತ್ತರೆ ಗಂಡ ಎತ್ತಬೇಕು, ಅವಳ ಅಮ್ಮ ಎತ್ತಬೇಕು, ನಾನು ಹೋದರೆ ನಾನು ಎತ್ತಬೇಕು. ಅವಳು ಕಣ್ಣಲ್ಲೇ ಹಿಂಬಾಲಿಸುತ್ತಿದ್ದಳು.

ಒಂಬತ್ತನೇ ತಿಂಗಳಿನ ಚುಚ್ಚುಮದ್ದಿಗೆ ಮಗುವನ್ನು ನಾಗರಾಜ ಎತ್ತಿಕೊಂಡು ಬಂದ. ಮಂಜುಳಾ ಪಕ್ಕದಲ್ಲಿ ನಡೆದು ಬಂದಳು. ಬೆನ್ನಿಗೆ ಬೆಲ್ಟು ಇರಲಿಲ್ಲ.

"ನೆನ್ನೆ ಬೆಂಗಳೂರಿಗೆ ಹೋಗಿದ್ವಿ ಅಕ್ಕ. ಮೂಳೆ ಕೂಡ್ಕೊಂಡಿದೆ ಅಂದ್ರು. ಬೆಲ್ಟ್ ತೆಗೆದ್ರು. ಇನ್ಮೇಲೆ ಸ್ವಲ್ಪ ಸ್ವಲ್ಪ ಭಾರ ಎತ್ಬಹುದಂತೆ."

"ಮನೇಲಿ ಎತ್ಕೊಂಡ್ಯಾ ಇವನ್ನ?"

"ಇಲ್ಲ. ಭಯ ಆಯ್ತು. ನಿಮ್ಮೆದುರಿಗೇ ಎತ್ತೋಣಾಂತ ಬಂದೆ."

ಮಗುವನ್ನು ತೂಕದ ತಟ್ಟೆಯಲ್ಲಿ ಕೂರಿಸಿದೆ. ಎಂಟು ಕೆ.ಜಿ.ಗೆ ಸ್ವಲ್ಪ ಕಡಿಮೆ. ಅವಳು ಮುಳ್ಳನ್ನೇ ನೋಡುತ್ತಿದ್ದಳು.

"ಎತ್ಲಾ ಅಕ್ಕ?"

"ಮಂಡಿ ಮಡಿಸು. ಬೆನ್ನು ನೆಟ್ಟಗಿರ್ಲಿ. ಎದೆಗೆ ಒತ್ಕೊಂಡು ಏಳು. ಅವಸರ ಮಾಡ್ಬೇಡ."

ಅವಳು ಮಂಡಿ ಮಡಿಸಿದಳು. ಎರಡೂ ಕೈ ಮಗುವಿನ ಕಂಕುಳಲ್ಲಿ ಹಾಕಿ, ಎದೆಗೆ ಎಳೆದುಕೊಂಡಳು. ಮಗು ಅವಳ ಕುತ್ತಿಗೆಯ ಕರಿಮಣಿ ಹಿಡಿದು ಎಳೆಯಿತು. ನಾಗರಾಜ ಒಂದು ಹೆಜ್ಜೆ ಮುಂದೆ ಬಂದ. ಬೇಡ ಎಂದು ಸನ್ನೆ ಮಾಡಿ ನಾನೇ ಅವಳ ಹಿಂದೆ ಹೋಗಿ ನಿಂತು, ಅವಳ ಬೆನ್ನಿಗೆ ತಗಲದಂತೆ ಎರಡೂ ಕೈ ಚಾಚಿ ಹಿಡಿದೆ.

ಮಂಜುಳಾ ಎದ್ದು ನಿಂತಳು. ಮಗನನ್ನು ಸೊಂಟದ ಮೇಲೆ ಕೂರಿಸಿಕೊಂಡು, ಹಿಂದೆ ತಿರುಗದೆ, ಬಿಸಿಲಿದ್ದ ಬಾಗಿಲ ಕಡೆಗೆ ನಡೆದಳು. ನಾನು ಚಾಚಿದ ಕೈಗಳನ್ನು ಹಾಗೇ ಹಿಡಿದುಕೊಂಡು ನಿಂತಿದ್ದೆ. ಅವು ಬೇಕಾಗಲಿಲ್ಲ.